ಒಂದು ರನ್‌ಟೈಮ್, ಮೂರು ಮೋಟಾರು

ಜುಗೂಳದ ಹತ್ತಿರ ಕೃಷ್ಣೆಯ ದಂಡೆಗೆ ನಮ್ಮೂರವರ ಪಂಪ್‌ಹೌಸ್ ಇದೆ. ಹೊಳೆ ಏರಿ ನೀರು ಪಂಪ್‌ಹೌಸಿನ ಕೆಳಕೋಣೆಯ ಗೋಡೆಯ ಗುರುತು ಮುಟ್ಟಿದರೆ ಮೂರೂ ಮೋಟಾರುಗಳ ಕರೆಂಟು ತಾನಾಗಿ ಕಡಿಯಬೇಕು. ಅದಕ್ಕೆ ನಾನೂ ನನ್ನ ಅಣ್ಣನ ಹೆಂಡತಿ ವೈನಿಯೂ ಸೇರಿ ಒಂದು ಪ್ರೋಗ್ರಾಮ್ ಬರೆದಿದ್ದೆವು. ಮೋಟಾರು ನಡೆಸುವ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿ, ನನ್ನದು. ಯಾವಾಗ ಕಡಿಯಬೇಕೆಂದು ತೀರ್ಮಾನಿಸುವ ಭಾಗ ಪೈಥಾನ್‌ನಲ್ಲಿ, ವೈನಿಯದು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬರುವ ಮನೆ ನಮ್ಮದು. ಎರಡು ಭಾಷೆ ಕೂಡಿಸುವುದು ದೊಡ್ಡದೆನಿಸಲಿಲ್ಲ.

ಪ್ರೋಗ್ರಾಮಿನೊಳಗೆ ಮೋಟಾರಿಗೊಂದರಂತೆ ಒಟ್ಟೊಟ್ಟಿಗೆ ಓಡುವ ಮೂರು ಎಳೆ, ಅಂದರೆ ಥ್ರೆಡ್. ಆದರೆ ಪೈಥಾನ್ ನಡೆಸುವ ರನ್‌ಟೈಮ್ ಒಂದೇ. ಅದರೊಳಗೆ ಒಮ್ಮೆಗೆ ಒಂದೇ ಥ್ರೆಡ್ಡಿಗೆ ಪ್ರವೇಶ. ಒಳಗಿರುವಷ್ಟು ಹೊತ್ತು ಬೀಗ ಅದರ ಕೈಯಲ್ಲಿ.

ಆ ಮುಂಜಾನೆ ಪಂಪ್ ನೋಡಿಕೊಳ್ಳುವ ಮಾಮಾ ವಾಲ್ವ್ ತಿರುವಲು ಕೆಳಗಿಳಿದಿದ್ದರು. ನಾನು ಮೇಲೆ ಕೂತಿದ್ದೆ, ಸ್ಕ್ರೀನಿನಲ್ಲಿ ನೀರಿನ ಅಂಕಿ ಕದಲಿರಲಿಲ್ಲ. ಹೊಳೆ ಏರುವುದು ನಿಂತಿತು ಎಂದುಕೊಂಡೆ. ಬಗ್ಗಿ ನೋಡಿದರೆ ಕೆಂಪು ನೀರು ಗುರುತು ದಾಟಿ ಅವರ ಮೊಣಕಾಲಿಗೆ ಬಂದಿತ್ತು. ಮೋಟಾರುಗಳು ಗುಡುಗುತ್ತಲೇ ಇದ್ದವು.

“ಮಾಮಾ, ಮ್ಯಾಲ ಬರ್ರಿ! ಏನೂ ಮುಟ್ಟಬ್ಯಾಡ್ರಿ!”

“ತಡೀಪಾ, ಇನ್ನೊಂದ್ ಸುತ್ತ ಐತಿ.”

ಓಡಿ ಮೇನ್ ಸ್ವಿಚ್ ಎಳೆದೆ. ಮಾಮಾ ಮೇಲೆ ಬಂದು ನಕ್ಕರು: “ಕಂಪ್ಯೂಟರ್ ಮಾಡೂ ಕೆಲಸ ನೀನ ಮಾಡಿದ್ರ, ಅದನ್ಯಾಕ ಸಾಕಿಯಲೇ?”

ನನಗೆ ನಗು ಬರಲಿಲ್ಲ. ನೀರಿಗೂ ಕರೆಂಟಿನ ತಂತಿಗೂ ನಡುವೆ ಉಳಿದಿದ್ದ ಆ ಒಂದು ಗೇಣು ಈಗಲೂ ಊಟದ ನಡುವೆ ಕಣ್ಣಿಗೆ ಬರುತ್ತದೆ.

ಚಿಕ್ಕೋಡಿಯಿಂದ ವೈನಿ ಬಂದರು. ಇಬ್ಬರೂ ಕೂತು ಕೋಡ್ ಓದಿದೆವು. ಒಂದನೇ ಮೋಟಾರಿನ ಥ್ರೆಡ್ ಬೀಗ ಹಿಡಿದುಕೊಂಡೇ ಎರಡನೆಯದರ ಉತ್ತರಕ್ಕೆ ಕಾಯುತ್ತಿತ್ತು. ಎರಡನೆಯದು ಉತ್ತರ ಕೊಡಲು ಅದೇ ಬೀಗ ಬೇಕೆಂದು ನಿಂತಿತ್ತು. ಹಾಗಾಗಿ ಸ್ಕ್ರೀನಿನ ಅಂಕಿಯೂ ಅಲ್ಲೇ ನಿಂತಿತ್ತು.

“ಒಳಗಿಂದ ಕೀಲಿ ಹಾಕ್ಕೊಂಡ ಕುಂತೈತಿ, ಚಾ ಯಾಕ ತರ್ಲಿಲ್ಲಂತ ಹೊರಗಿನವರಿಗೆ ಬೈಯಾಕತ್ತೈತಿ ನೋಡ್ರಿ!” ಎಂದರು ವೈನಿ.

ಕಾಯುವ ಮುನ್ನ ಬೀಗ ಬಿಡುವಂತೆ ತಿದ್ದಿದೆವು. ಪ್ರೋಗ್ರಾಮ್ ಸ್ತಬ್ಧವಾದರೂ ಕರೆಂಟು ಕಡಿಯುವಂತೆ ಬೇರೆ ರಿಲೇ ಕೂರಿಸಿದೆವು.

ಹೊಳೆ ಇಳಿದ ಮೇಲೆ ಮೂರೂ ಮೋಟಾರು ಚಾಲೂ ಮಾಡಿ, ನೀರಳೆಯುವ ಸೆನ್ಸರನ್ನು ಮೇಲೆ ತಂದು ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಸಿದೆವು. ವೈನಿ ಬೇಕೆಂದೇ ಮೂರೂ ಥ್ರೆಡ್ಡುಗಳನ್ನು ಒಟ್ಟಿಗೆ ರನ್‌ಟೈಮಿನ ಮೇಲೆ ಬಿಟ್ಟರು. ಅಂಕಿ ಏರಿತು. ಧಡ್, ಧಡ್, ಧಡ್! ಮೂರೂ ಬಂದ್. ನಾನು ಕೇಕೆ ಹಾಕಿದೆ, ವೈನಿ ಸೀಟಿ ಹೊಡೆದರು. ಮತ್ತೆ ಮತ್ತೆ ಮಾಡಿದೆವು, ಒಮ್ಮೆಯೂ ತಪ್ಪಲಿಲ್ಲ.

ಮತ್ತೆ ಮೋಟಾರು ಚಾಲೂ ಮಾಡಿದೆವು, ಮಾಮಾ ವಾಲ್ವ್ ತಿರುವಲು ಕೆಳಗಿಳಿದರು. ನನ್ನ ಕೈ ಇನ್ನೂ ಮೇನ್ ಸ್ವಿಚ್ಚಿನ ಮೇಲಿತ್ತು.

“ಕೈ ತಗೀಲೇ,” ಕೆಳಗಿನಿಂದ ಕೂಗಿದರು, “ಗೆದ್ದೀರಿ!”

ತೆಗೆದೆ.