ಪಕ್ಕದ ಮನೆಯಜ್ಜಿಯ ‘ಚಾಯ್’

ಪುದೀನ ಚಿವುಟಿ ಚಿವುಟಿ ಪಕ್ಕದ ಮನೆಯಜ್ಜಿಯ ಹೆಬ್ಬೆರಳಿನ ಉಗುರು ಬೇಸಿಗೆಯುದ್ದಕ್ಕೂ ಹಸಿರಾಗಿರುತ್ತಿತ್ತು. ಅಮೆರಿಕದ ಆಲ್ಡಿ ಊರಿನ ನಮ್ಮ ಟೌನ್‌ಹೌಸುಗಳಿಗೆ ಹಿತ್ತಲು ಅನ್ನುವುದೇ ಇಲ್ಲ. ಅಜ್ಜಿ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಪೇಂಟಿನ ಬಕೆಟ್‌ಗಳನ್ನಿಟ್ಟು ಸೊಪ್ಪು ಬೆಳೆಯುತ್ತಿದ್ದರು. ನೋಡಲು ಚೆನ್ನಾಗಿಲ್ಲವೆಂದು ಕಾಲೊನಿಯವರು ನೋಟೀಸು ಕಳಿಸಿದಾಗ ಬಕೆಟ್‌ಗಳಿಗೆಲ್ಲ ಹಳೆಯ ಬೆಡ್‌ಶೀಟ್ ಹೊದಿಸಿ, ತುಟಿಯ ಮೇಲೆ ಬೆರಳಿಟ್ಟು, “ಸ್ಲೀಪಿಂಗ್” ಎಂದಿದ್ದರು.

ವಿಯೆಟ್ನಾಮಿನ ಹಳೆಯ ರಾಜಧಾನಿ ಹ್ವೇ ಅವರ ಹುಟ್ಟೂರು. ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮತ್ತೆಯದೂ ಅದೇ ಕಥೆ. ಆದರೂ ಇಬ್ಬರೂ ಡೆಕ್ಕಿನ ಆಚೀಚೆ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅಜ್ಜಿ ಮಾಂಸ ಮುಟ್ಟುತ್ತಿರಲಿಲ್ಲ. ಅಂದು ಮಾಡಿದ ತೋಫುವಿನ ಪಲ್ಯವನ್ನು “ಟೆಂಪಲ್ ಫುಡ್” ಎಂದು ನಮಗೂ ಕೊಡುತ್ತಿದ್ದರು.

“ಅವರೂ ಪಂಚಾಂಗ ನೋಡ್ತಾರೆ ಕಣೇ,” ಎಂದು ಅತ್ತೆಗೆ ಹೆಮ್ಮೆ. ಆಫೀಸು, ಮಗಳ ಕ್ಲಾಸುಗಳು, ಅಡುಗೆ ಎಂದು ಹೈರಾಣಾಗಿದ್ದ ನನಗೆ, ಅತ್ತೆಗೆ ಮಾತಿಗೊಬ್ಬರು ಸಿಕ್ಕರಲ್ಲ ಎನ್ನುವುದೇ ದೊಡ್ಡ ಉಪಕಾರವಾಗಿತ್ತು.

ಆ ವರ್ಷ ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಹ್ವೇ ನೋಡಲೇಬೇಕೆಂದು ಹಟ ಹಿಡಿದವರೂ ಅತ್ತೆಯೇ. ಹೊರಡುವ ಮುನ್ನ ಅಜ್ಜಿ ನಮ್ಮಿಬ್ಬರ ಕೈ ಹಿಡಿದು, “ಗೋ ಹ್ವೇ, ಸೇ ಚಾಯ್. ಮದರ್ ನೋ ಹಂಗ್ರಿ,” ಎಂದರು. ಟೀ ಕುಡಿದರೆ ಹಸಿವು ಸತ್ತುಹೋಗುತ್ತದೆ, ಅದನ್ನೇ ಹೇಳುತ್ತಿದ್ದಾರೆಂದು ನಾನು ತಲೆಯಾಡಿಸಿದೆ.

ಹ್ವೇ ತಲುಪುವಷ್ಟರಲ್ಲಿ ಊರಿನ ಚಂದ ನೋಡುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಸುಡುವ ಸೆಕೆ, ಜೆಟ್‌ಲ್ಯಾಗ್, ಮುಗಿಯದ ಕೋಟೆ. ಒಂದು ಬಾಗಿಲು ದಾಟಿದರೆ ಮತ್ತೊಂದು ಬಾಗಿಲು. ನನ್ನ ಗಂಡ ಫೋಟೊ ತೆಗೆಯುವುದನ್ನೂ ನಿಲ್ಲಿಸಿದ್ದರು. ಎಲ್ಲದಕ್ಕೂ ಮೀನಿನ ರಸ ಹಾಕುತ್ತಾರೆಂದು ತಿಳಿದ ಮೇಲೆ ಅತ್ತೆ ಬಾಳೆಹಣ್ಣು, ಬ್ಯಾಗಿನಲ್ಲಿದ್ದ ಅವಲಕ್ಕಿಯಲ್ಲೇ ದಿನ ದೂಡುತ್ತಿದ್ದರು. ಅರಮನೆಯ ಹೊರಬಾಗಿಲಿನ ಹತ್ತಿರ ತಲೆಸುತ್ತು ಬಂದು ಕೂತೇಬಿಟ್ಟರು. ಸಕ್ಕರೆ ಕಾಯಿಲೆಯವರು ಬೇರೆ. ಕೈಹಿಡಿದು ರಸ್ತೆ ದಾಟಿಸಿ ನೆರಳಿಗೆ ಕರೆತಂದೆ.

ಎದುರಿನ ಪುಟ್ಟ ಅಂಗಡಿಯ ಹೆಂಗಸಿಗೆ, ಅಜ್ಜಿಯ ಮಾತು ನೆನಪಿಟ್ಟುಕೊಂಡು, ಅತ್ತೆಯೇ ಸಣ್ಣ ದನಿಯಲ್ಲಿ, “ಚಾಯ್ ಕೊಡಮ್ಮ, ಚಾಯ್,” ಎಂದರು. ಆಕೆ ಕೈಮುಗಿದು ಒಳಗೆ ಹೋಗಿ ಅನ್ನ, ತೋಫು, ಅಣಬೆ, ಸೊಪ್ಪಿನ ಸಾರು ತಂದಿಟ್ಟಳು.

“ಅಜ್ಜೀ, ದಿಸ್ ಈಸ್ ನಾಟ್ ಟೀ,” ಎಂದಳು ಮಗಳು. ಫೋನಿನಲ್ಲಿ ಆ ಪದದ ಅರ್ಥ ಹುಡುಕಿ ಕೂಗಿದಳು: “ಅಮ್ಮಾ, ಚಾಯ್ ಮೀನ್ಸ್ ವೆಜಿಟೇರಿಯನ್!”

ಅತ್ತೆ ಮೂಸಿ ನೋಡಿ ಒಂದು ತುತ್ತು ಬಾಯಿಗಿಟ್ಟರು. “ಈರುಳ್ಳಿ, ಬೆಳ್ಳುಳ್ಳಿನೂ ಹಾಕಿಲ್ಲ ಕಣೇ. ಪಕ್ಕದ ಮನೆಯವರ ಕೈರುಚಿನೇ ಇದು,” ಎನ್ನುತ್ತ ಬಟ್ಟಲು ಖಾಲಿ ಮಾಡಿದರು. ಇಡೀ ಪ್ರವಾಸದಲ್ಲಿ ನಾನು ನೆಮ್ಮದಿಯಾಗಿ ಉಸಿರುಬಿಟ್ಟದ್ದು ಆ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

ಆಲ್ಡಿಗೆ ವಾಪಸು ಬಂದು ಇದನ್ನು ಹೇಳಿದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅತ್ತೆಯ ಕೆನ್ನೆ ಮುಟ್ಟಿ, “ಮೈ ಹ್ವೇ ಗಿವ್ ಯು ರೈಸ್?” ಎಂದು ಕೇಳಿದರು. ಹೌದೆಂದರೂ ಮತ್ತೆ ಮತ್ತೆ ಕೇಳಿದರು.

“ಗಿವ್, ಗಿವ್. ಹೊಟ್ಟೆ ತುಂಬ,” ಎಂದರು ಅತ್ತೆ.

ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಪರದೇಶದಲ್ಲಿ ನಮ್ಮತ್ತೆಯ ಹಸಿವಿನ ಯೋಚನೆ ಮಾಡಿದವರು ಅವರೊಬ್ಬರೇ. ನನಗೂ ಅಷ್ಟು ಮುಂಚಿತವಾಗಿ ಹೊಳೆದಿರಲಿಲ್ಲ.

ಮಾತಾಡಿಸಿಕೊಂಡು ಬರಲು ಹೋದಾಗ ಮನೆ ತುಂಬ ಜನ. ಅಜ್ಜಿಯ ಮಗಳು ಟೇಬಲಿನ ಮೇಲಿದ್ದ ಊಟ ತೋರಿಸಿ, “ಆಂಟಿ, ಪ್ಲೀಸ್ ಈಟ್. ಇಟ್ಸ್ ಆಲ್…” ಎನ್ನುವಷ್ಟರಲ್ಲಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನು ಗಾಬರಿಯಿಂದ ಅತ್ತೆಯ ಮುಖ ನೋಡಿದೆ. ಸೂತಕದ ಮನೆಯಲ್ಲಿ ಅವರು ನೀರನ್ನೂ ಮುಟ್ಟಿದವರಲ್ಲ.

“ಚಾಯ್,” ಎಂದರು ಅತ್ತೆ. ಕುರ್ಚಿ ಎಳೆದುಕೊಂಡು ಕೂತು, ತಟ್ಟೆ ಮುಂದೆ ಹಿಡಿದು, “ಬಡಿಸಮ್ಮ,” ಎಂದರು.