ಒಂದೇ ದಿನದಲ್ಲಿ ಗುಣ

ಮಾನಸಿಕ ಆರೋಗ್ಯ ಕಾರ್ಯಕರ್ತರ ವಾರ್ಷಿಕ ಸಮ್ಮೇಳನಕ್ಕೆಂದು ಸಾನಪಾಡಾ ಸ್ಟೇಷನ್ನಿನಲ್ಲಿ ರಿಕ್ಷಾ ಹತ್ತಿದೆ. ಡ್ರೈವರ್ ನಮ್ಮ ಉಡುಪಿ ಕಡೆಯವನೇ. ಹೋಗಬೇಕಾದ ಹಾಲ್ ಹೇಳಿದೆ; ಅಲ್ಲೇನು ಕಾರ್ಯಕ್ರಮ ಎಂದು ಕೇಳಿದ. "ಮಾನಸಿಕ ಆರೋಗ್ಯದ್ದು" ಎಂದದ್ದೇ ತಡ, ಹೊಂಡ ತಪ್ಪಿಸಿ ಮೆಲ್ಲಗೆ ಓಡಿಸತೊಡಗಿದ.

"ಹೆದರ್ಬೇಡಿ ಅಕ್ಕ, ನಮ್ಮ ಭಾವನಿಗೂ ಹೀಗೇ ಆಗಿತ್ತು."

"ನಾನು ಪೇಶಂಟ್ ಅಲ್ಲ ಮಾರಾಯ್ರೆ, ಕೌನ್ಸೆಲರ್!"

"ಭಾವನೂ ಮೊದ್ಲು ಒಪ್ಲೇ ಇಲ್ಲ" ಎಂದು ಮರುಗಿದವನು, ನನ್ನನ್ನು ಗೇಟಿನ ವಾಚ್‌ಮನ್ನಿಗೆ ಜೋಪಾನವಾಗಿ ಒಪ್ಪಿಸಿಯೇ ಹೋದ.

ಸಂಜೆ ಹೊರಬಂದರೆ ಗೇಟಿನಲ್ಲಿ ಅವನೇ, ನನಗೇನಾಯಿತೋ ಎಂದು ನೋಡಲು ಬಂದಿದ್ದಾನೆ. ಸಮ್ಮೇಳನದಲ್ಲಿ ಕೊಟ್ಟ ಸರ್ಟಿಫಿಕೇಟು ನನ್ನ ಕೈಯಲ್ಲಿತ್ತು.

"ಒಂದೇ ದಿನಕ್ಕೆ ಬಿಟ್ರಾ! ಸರ್ಟಿಫಿಕೇಟೂ ಕೊಟ್ರಾ! ಭಾವನಿಗೆ ಆರು ತಿಂಗಳು ಹಿಡೀತು!"

ಒಪ್ಪಿಕೊಂಡರೆ ಅರ್ಧ ಗುಣವಾದಂತೆ ಎಂದು ದಿನಾ ಪೇಶಂಟುಗಳಿಗೆ ಹೇಳುವವಳು ನಾನು. ಅವನ ರಿಕ್ಷಾದಲ್ಲೇ ವಾಪಸು ಹೊರಟವಳು, ಸ್ಟೇಷನ್ ಬರುವಷ್ಟರಲ್ಲಿ ನಾನೂ ಒಪ್ಪಿಕೊಂಡೆ.