ಸರ್ ಹಟ ಹಿಡಿದು ಬರೆಸಿದ ಪದ

ಕೊರಳಲ್ಲಿ ಕರಿದಾರ, ದಾರದ ತುದಿಗೆ ಪೆನ್‌ಡ್ರೈವ್. ನಮ್ಮ ಕಂಪ್ಯೂಟರ್ ಸರ್ ಬಗ್ಗಿದಾಗಲೆಲ್ಲ ಅದು ಅಂಗಿಯಿಂದ ಜಾರಿ ಕೀಬೋರ್ಡಿಗೆ ಟಕ್ಕೆಂದು ಬಡಿಯುತ್ತಿತ್ತು. ಹೊಸಬರು ತಾಯತ ಅಂದುಕೊಳ್ಳುತ್ತಿದ್ದರು. ಸರ್ ಅಲ್ಲವೆಂದೂ ಹೇಳುತ್ತಿರಲಿಲ್ಲ.

ಮಸರಕಲ್‌ನ ಕುರಿ ಕಾಯುವ ಮನೆತನದವರು. ಮಾನ್ವಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದರು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಮೂಲೆಯ ಯಂತ್ರದಲ್ಲಿ ಹಳೆಯದು, ಕಿಟಕಿ ಪಕ್ಕದ್ದರಲ್ಲಿ ಹೊಸದು. ಬರೆದ ಪ್ರೋಗ್ರಾಂ ಒಂದಕ್ಷರ ಬದಲಿಸದೆ ಎರಡರಲ್ಲೂ ಓಡಬೇಕು, ಇಲ್ಲವಾದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಇಲ್ಲ. “ಒಂದರಾಗ ಅಷ್ಟ ಓಡಿದ್ರ ಅದು ನಿನ್ನ ಪ್ರೋಗ್ರಾಂ ಅಲ್ಲವ್ವಾ, ಆ ಮಷಿನ್‌ದು” ಎನ್ನುವರು. ಏನು ಹಟಮಾರಿ ಮನುಷ್ಯ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಸರ್ ಹಳೆಯ ಯಂತ್ರದಲ್ಲಿ ಇಟ್ಟಿದ್ದ, ರಕ್ತ ಕೊಡುವವರ ಪಟ್ಟಿಗೆ ಒಂದು ಪ್ರೋಗ್ರಾಂ ಬರೆಯಲು ನನಗೇ ಹೇಳಿದರು. ಹೆಸರು, ಊರು, ಗುಂಪು, ಫೋನು. ಅದರಲ್ಲಿ ‘ಪ್ಯಾಕ್ಡ್’ ಎಂಬ ಪದ ಸೇರಿಸೆಂದರು. ಅದಿಲ್ಲದಿದ್ದರೆ ಹೊಸ ಕಂಪೈಲರ್ ಖಾನೆಗಳ ನಡುವೆ ತನ್ನಷ್ಟಕ್ಕೇ ಜಾಗ ಬಿಡುತ್ತದೆ. ಹಳೆಯ ಯಂತ್ರದ ಪಟ್ಟಿಯನ್ನು ಅದರಲ್ಲಿ ಓದಿದರೆ ಒಬ್ಬರ ಹೆಸರು ಇನ್ನೊಬ್ಬರ ಊರಿಗೆ ಸರಿದುಬಿಡುತ್ತದೆ.

“ಪಟ್ಟಿ ಹಳೇ ಮಷಿನ್‌ನಾಗ ಇರ್ತದಲ್ರೀ ಸರ್. ಅದಕ್ಕ ಈ ಪದ ಬೇಕಾಗಿಲ್ರಿ.”

“ಮಷಿನ್ ಏನು ಚಿರಂಜೀವಿ ಏನಬೇ? ಅದೂ ನನ್ನಂಗ ಒಂದಿನ ಹೋಗ್ತದ. ಬರಿ ಸುಮ್ಮನ.”

ಮುಖ ಊದಿಸಿಕೊಂಡೇ ಬರೆದೆ.

ಹೋದ ಮಳೆಗಾಲದಲ್ಲಿ ಸರ್ ಎದೆನೋವಿನಿಂದ ತೀರಿಕೊಂಡರು. ಅವರ ಹೆಂಡತಿ ಕರಿದಾರವನ್ನು ನನ್ನ ಕೈಗಿಟ್ಟು, “ಇದು ನಮಗ ತಿಳಿಯಂಗಿಲ್ಲ, ನೀನಽ ಇಟ್ಕೋ ಯವ್ವಾ” ಅಂದರು. ಸಂಜೆ ಸಂಜೆ ಪಟ್ಟಿಯ ಪ್ರತಿಯನ್ನು ಸರ್ ಆ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿದ್ದರು. ತಿಂಗಳೊಳಗೆ ಮೂಲೆಯ ಯಂತ್ರವೂ ಸತ್ತಿತು.

ಆಮೇಲೊಂದು ಮಧ್ಯಾಹ್ನ ರಾಯಚೂರಿನಿಂದ ಫೋನು. ಹೆರಿಗೆಗೆ ಹೋದ ನನ್ನ ತಂಗಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಎಲ್ಲೂ ಸಿಗುತ್ತಿಲ್ಲ. ಕಿಟಕಿ ಪಕ್ಕದ ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿ, ಹೊಸ ಕಂಪೈಲರಿನಲ್ಲಿ ಪ್ರೋಗ್ರಾಂ ಓಡಿಸಿದೆ. ಸಾಲುಗಳು ಬಂದವು, ಒಂದು ಖಾನೆಯೂ ಸರಿದಿರಲಿಲ್ಲ.

ಓ ನೆಗೆಟಿವ್‌ನಲ್ಲಿ ಇದ್ದದ್ದು ಎರಡೇ ಹೆಸರು. ಮೊದಲನೆಯದು ಸರ್ ಅವರದು. ಇದ್ದಿದ್ದರೆ ಸಿಕ್ಕ ಬಸ್ಸು ಹತ್ತಿ ಹೋಗುತ್ತಿದ್ದರು. ಎರಡನೆಯದು ಚೀಕಲಪರ್ವಿಯ ಹೆಣ್ಣುಮಗಳೊಬ್ಬಳದು. ಫೋನು ಹಚ್ಚಿ ಹೇಳಿದೆ. “ಅಂಜಬ್ಯಾಡ್ರಿ ಅಕ್ಕಾ, ಹೊಂಟೆ” ಅಂದಳು.

ತಂಗಿ ಉಳಿದಳು, ಕೂಸೂ ಉಳಿಯಿತು. ಆ ಪದ ಬೇಕಾಗಿಲ್ಲ ಅಂದವಳು ನಾನೇ ಸರ್, ಬೇಕಾದದ್ದೂ ನನಗೇ.